ಬೆನ್ನಿನ ತಪ್ಪು–ಒಪ್ಪು

ಸೊಂಟ ಹಿಡಿದುಕೊಂಡರೆ ಅದಕ್ಕೊಂದು ಘನವಾದ ಕಾರಣ ಇರಬೇಕು. ಸಿಲಿಂಡರ್ ಎತ್ತಿದೆ, ಅಕ್ಕಿಮೂಟೆ ಜರುಗಿಸಿದೆ, ಬೀರು ಸರಿಸಿದೆ ಎಂದರೆ ಹೇಳುವವರಿಗೂ ಗೌರವ, ಕೇಳುವವರಿಗೂ ಸಮಾಧಾನ. ನಾನು ಎತ್ತಿದ್ದು ಬಟ್ಟೆಗೆ ಸಿಗಿಸುವ ಪ್ಲಾಸ್ಟಿಕ್ ಕ್ಲಿಪ್ಪು. ತಾರಸಿಯಲ್ಲಿ ಟವೆಲ್ ಒಣಹಾಕುವಾಗ ಕೈಜಾರಿ ಬಿತ್ತು. ಬಗ್ಗಿದೆ. ಕ್ಲಿಪ್ಪು ಕೈಗೆ ಬಂತು, ನಾನು ಮೇಲಕ್ಕೆ ಬರಲಿಲ್ಲ. ನೆಲ ನೋಡುತ್ತಾ ಹತ್ತು ನಿಮಿಷ ಹಾಗೇ ನಿಂತಿದ್ದೆ. ಪಕ್ಕದ ತಾರಸಿಯಲ್ಲಿ ಹಪ್ಪಳ ಒಣಗಿಸುತ್ತಿದ್ದಾಕೆ, “ಓಲೆ ಬಿತ್ತಾ ಅಕ್ಕಾ? ನಾನೂ ಬಂದು ಹುಡುಕ್ಲಾ?” ಎಂದಳು. ಬಿದ್ದಿರುವುದು ಓಲೆಯಲ್ಲ, ನಾನು ಎಂದು ಹೇಳಲು ಉಸಿರು ಸಾಲಲಿಲ್ಲ.

“ಕೇಳಿದವರಿಗೆಲ್ಲ ಸಿಲಿಂಡರ್ ಅಂತಲೇ ಹೇಳು. ಕ್ಲಿಪ್ಪು ಅಂದರೆ ಯಾರೂ ನಂಬಲ್ಲ” ಎಂದು ಮನೆಯವರು ಸಲಹೆ ಕೊಟ್ಟರು. ನನಗೆ ಹೊಸದಾಗಿ ಏನನ್ನೂ ಕಟ್ಟಿ ಹೇಳಲು ಬರುವುದಿಲ್ಲ. ಬೇರೆಯವರು ಕಟ್ಟಿದ್ದನ್ನು ತಿದ್ದುವುದು ನನ್ನ ಕಸುಬು. ಮೈಸೂರಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಕರಡು ತಿದ್ದುತ್ತಿದ್ದೇನೆ. ಪಠ್ಯಪುಸ್ತಕ, ಕಾದಂಬರಿ, ಅಭಿನಂದನ ಗ್ರಂಥ, ಮದುವೆಯ ಆಮಂತ್ರಣ, ಯಾವುದೂ ನನಗೆ ಮೇಲಲ್ಲ, ಕೀಳಲ್ಲ. ಎಲ್ಲದರಲ್ಲೂ ಮಹಾಪ್ರಾಣ ಬಿಟ್ಟುಹೋಗಿರುತ್ತದೆ, ಕೊಂಬು ಇಳಿದಿರುತ್ತದೆ, ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಹಾರಿರುತ್ತದೆ. ಕೆಂಪು ಪೆನ್ನು ಹಿಡಿದು ತಪ್ಪಿನ ಜಾಡು ಹಿಡಿಯುವುದಷ್ಟೇ ನನಗೆ ಗೊತ್ತಿರುವ ವಿದ್ಯೆ. ಹಾಗಾಗಿ ವಾರ ಕಳೆದರೂ, ತಿಂಗಳು ಕಳೆದರೂ ನೋವು ಹೋಗದಿದ್ದಾಗ ಅದೇ ವಿದ್ಯೆಯನ್ನು ಬೆನ್ನಿನ ಮೇಲೆ ಪ್ರಯೋಗಿಸಲು ಹೊರಟೆ. ಎಲ್ಲೋ ಒಂದು ಅಕ್ಷರ ತಪ್ಪಿದೆ, ಹುಡುಕಿ ತಿದ್ದಿದರೆ ಮುಗಿಯಿತು ಎಂಬುದು ನನ್ನ ಲೆಕ್ಕ.

ತೊಡಕೆಂದರೆ, ತನ್ನ ಬೆನ್ನು ತನಗೆ ಕಾಣುವುದಿಲ್ಲ. ಹಲ್ಲು ನೋವಾದರೆ ಕನ್ನಡಿಯಲ್ಲಿ ಬಾಯಿ ಬಿಟ್ಟು ನೋಡಬಹುದು, ಕಾಲು ಊದಿದರೆ ಬಂದವರಿಗೆ ತೋರಿಸಬಹುದು. ಬೆನ್ನು ನೋವಿಗೆ ಊತವಿಲ್ಲ, ಕೆಂಪಿಲ್ಲ, ಜ್ವರವಿಲ್ಲ, ಸಾಕ್ಷಿ ಎಂಬುದೇ ಇಲ್ಲ. ಮುಖ ಹಿಂಡಿಕೊಂಡರೆ ನಾಟಕ, ಹಿಂಡಿಕೊಳ್ಳದಿದ್ದರೆ “ಚೆನ್ನಾಗೇ ಇದ್ದೀಯಲ್ಲ!” ಬೆನ್ನು ತಟ್ಟುವವರು, ಬೆನ್ನಿಗೆ ನಿಲ್ಲುವವರು, ಬೆನ್ನಿಗೆ ಚೂರಿ ಹಾಕುವವರು ಎಂದು ನಮ್ಮ ಮಾತಿನಲ್ಲಿ ಬೆನ್ನಿನ ಸುತ್ತ ಬೇರೆಯವರೇ ತುಂಬಿಕೊಂಡಿರುವುದು ಸುಮ್ಮನೆ ಅಲ್ಲ. ನನ್ನ ಬೆನ್ನಿನ ವಿಚಾರಕ್ಕೂ ಮೊದಲು ಬಂದವರು ಅವರೇ.

ದೊಡ್ಡಮ್ಮ ಫೋನಿನಲ್ಲೇ ಕಾರಣ ಕಂಡುಹಿಡಿದರು. “ಬಾಣಂತನದಲ್ಲಿ ಸೊಂಟ ಕಟ್ಟಲಿಲ್ಲ ಕಣೇ ನಿಮ್ಮಮ್ಮ. ನಾನು ಆಗಲೇ ಹೇಳಿದ್ದೆ.” ಮಗನಿಗೆ ಈಗ ಇಪ್ಪತ್ತಾರು. ಇಪ್ಪತ್ತಾರು ವರ್ಷ ಕಾದು ಕ್ಲಿಪ್ಪಿನ ನೆಪದಲ್ಲಿ ಹೊರಬಂದ ಆ ಬಾಣಂತನದ ತಾಳ್ಮೆಗೆ ಬೆರಗಾದೆ. ನಾದಿನಿ, ಸಿಸೇರಿಯನ್ ಹೊತ್ತಿನಲ್ಲಿ ಬೆನ್ನಿಗೆ ಚುಚ್ಚಿದ ಸೂಜಿಯೇ ಕಾರಣ ಎಂದಳು. ಹಾಲಿನವನು ವಾಯು ಎಂದ. ಬೆಂಗಳೂರಿನಿಂದ ಮಗ, ಕುರ್ಚಿ ಸರಿಯಿಲ್ಲ ಎಂದ. ಎದುರುಮನೆಯಾಕೆ, ಹಾಸಿಗೆ ಎಂದರು. ಮನೆಯವರು, ನಾನು ಸ್ಕೂಟರನ್ನು ಹಳ್ಳ ನೋಡದೆ ಓಡಿಸುತ್ತೇನೆ ಎಂದರು. ಮೈಸೂರಿನ ರಸ್ತೆಯಲ್ಲಿ ಹಳ್ಳ ನೋಡಿಕೊಂಡೇ ಓಡಿಸಿದರೆ ರಸ್ತೆ ನೋಡುವುದು ಯಾವಾಗ ಎಂದು ಕೇಳಿದೆ.

ಕಾರಣ ಹೇಳಿದವರೆಲ್ಲ ಮದ್ದನ್ನೂ ಹೇಳಿದರು. ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಬಿಸಿಮಾಡಿ ಇಟ್ಟೆ. ಲಕ್ಕಿಸೊಪ್ಪು ಕುದಿಸಿದ ನೀರಲ್ಲಿ ಮಿಂದೆ. ಹುರುಳಿ ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ತೆಗೆದುಕೊಂಡೆ. ಅಮೃತಾಂಜನದ ಘಾಟಿಗೆ ಮನೆಯವರು ಹಾಲ್‌ನಲ್ಲಿ ಮಲಗತೊಡಗಿದರು. ಕೊನೆಗೆ ಹಿಂದಿನ ಬೀದಿಯಲ್ಲಿ ಕಾಲು ಮುಂದಾಗಿ ಹುಟ್ಟಿದವರೊಬ್ಬರು ಇದ್ದಾರೆಂದು ತಿಳಿಯಿತು. ಹಾಗೆ ಹುಟ್ಟಿದವರು ಕಾಲಿನಿಂದ ಮೂರು ಸಲ ಒದ್ದರೆ ಉಳುಕು ಹೋಗುತ್ತದೆಂಬ ನಂಬಿಕೆ ನಮ್ಮ ಕಡೆ ಇನ್ನೂ ಇದೆ. ಹೋದೆ. ಆಕೆ ಎಂಬತ್ತರ ಅಜ್ಜಿ. ನನ್ನನ್ನು ಹೊಸ್ತಿಲ ಬಳಿ ನಿಲ್ಲಿಸಿ, ಗೋಡೆ ಹಿಡಿದು, ಕಾಲೆತ್ತಿ ಒಂದು ಸಲ ಮುಟ್ಟಿಸಿದರು. “ಅಯ್ಯೋ, ಮಿಕ್ಕ ಎರಡು ನಾಳೆ ಒದೀತೀನಿ ಕಣಮ್ಮ, ನಂಗೇ ಸೊಂಟ ಹಿಡ್ಕೊಂಡ್ಬಿಡ್ತು” ಎಂದು ಕೂತುಬಿಟ್ಟರು. ಇಬ್ಬರೂ ಜಗಲಿಯ ಮೇಲೆ ಕೂತು ಕಾಫಿ ಕುಡಿದೆವು.

ಇದರಲ್ಲಿ ಯಾವುದನ್ನೂ ನಾನು ಹಳಿಯುವುದಿಲ್ಲ. ಹುರುಳಿಯ ಶಾಖ ಬಿಗಿದ ಸ್ನಾಯುವಿಗೆ ಹಿತ. ಆಯುರ್ವೇದದವರ ಕಟಿಬಸ್ತಿಯನ್ನೂ ಮಾಡಿಸಿಕೊಂಡೆ. ಉದ್ದಿನಹಿಟ್ಟು ಕಲಸಿ ಸೊಂಟದ ಮೇಲೆ ಬಳೆಯ ಹಾಗೆ ಕಟ್ಟೆ ಕಟ್ಟಿ, ಅದರೊಳಗೆ ಬೆಚ್ಚನೆಯ ತೈಲ ತುಂಬುತ್ತಾರೆ. ಕವುಚಿ ಮಲಗಿರಬೇಕು, ಅಲ್ಲಾಡಿದರೆ ಕಟ್ಟೆ ಒಡೆಯುತ್ತದೆ. ಆ ಮುಕ್ಕಾಲು ಗಂಟೆ ಯಾರೂ ನನ್ನನ್ನು ಏನೂ ಕೇಳುವ ಹಾಗಿಲ್ಲ, ನಾನು ಏಳುವ ಹಾಗಿಲ್ಲ. ನಿದ್ದೆ ಹೋದೆ. ಆ ನಿದ್ದೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬರುತ್ತದೆ.

ಆರನೆಯ ತಿಂಗಳಿಗೆ ಎಮ್‌ಆರ್‌ಐ ಆಯಿತು. ಗೋಪುರದ ಕತ್ತಲೆಯಂಥ ಕೊಳವೆಯೊಳಗೆ ಮಲಗಿಸಿ, ಕಿವಿಯ ಬಳಿ ಹಳೆಯ ಟ್ರೆಡಲ್ ಮಷೀನಿನಂಥ ಸದ್ದು ಹೊರಡಿಸಿದರು. ಅಚ್ಚುಕೂಟದಲ್ಲಿ ಬೆಳೆದ ಕಿವಿ ನನ್ನದು, ಭಯವಾಗಲಿಲ್ಲ. ಒಳಗೆ ನನ್ನ ಬೆನ್ನಿನ ಕರಡಚ್ಚು ತೆಗೆಯುತ್ತಿದ್ದಾರೆ ಎಂದುಕೊಂಡೆ.

ಅಚ್ಚಾಗಿ ಬಂತು. ಬೆನ್ನೆಲುಬು ನಮ್ಮ ವರ್ಣಮಾಲೆಗಿಂತ ಸಣ್ಣದು. ಅಲ್ಲಿ 49 ಅಕ್ಷರ, ಇಲ್ಲಿ ಹುಟ್ಟುವಾಗ 33 ಬಿಲ್ಲೆ. ಬೆಳೆಯುತ್ತಾ ಕೆಳಗಿನ ಒಂಬತ್ತು, ಸಂಯುಕ್ತಾಕ್ಷರದ ಹಾಗೆ ಒಂದಕ್ಕೊಂದು ಕೂಡಿಕೊಂಡು ಎರಡು ಮೂಳೆಯಾಗುತ್ತವೆ. ದೊಡ್ಡವರಲ್ಲಿ ಉಳಿಯುವುದು 26. ಬಿಲ್ಲೆ ಬಿಲ್ಲೆಯ ನಡುವೆ ಮೆತ್ತೆಯ ಹಾಗೆ ಒಟ್ಟು 23 ಡಿಸ್ಕುಗಳು. ಡಿಸ್ಕ್ ಎಂದರೆ ಹೆಚ್ಚುಕಡಿಮೆ ಹೋಳಿಗೆ. ಹೊರಗೆ ಗಟ್ಟಿ ಕಣಕ, ಒಳಗೆ ಮೆತ್ತನೆಯ ಹೂರಣ. ಕಣಕ ತೆಳುವಾದ ಕಡೆ ಹೂರಣ ಉಬ್ಬುತ್ತದೆ, ಕೆಲವೊಮ್ಮೆ ಹರಿದು ಆಚೆ ಬರುತ್ತದೆ. ಆಚೆ ಬಂದದ್ದು ಪಕ್ಕದ ನರವನ್ನು ಕೆಣಕಿದರೆ ಪೃಷ್ಠದಿಂದ ಕಾಲಿನವರೆಗೆ ಮಿಂಚು ಹೊಡೆದ ಹಾಗೆ ನೋವು. ಅದು ಸಯಾಟಿಕಾ. ಆಯುರ್ವೇದದವರು ಇಂಥದ್ದಕ್ಕೆ ಗೃಧ್ರಸಿ ಎಂದು ಹೆಸರಿಟ್ಟಿದ್ದಾರೆ. ಗೃಧ್ರ ಎಂದರೆ ರಣಹದ್ದು. ನೋವಿನವನ ನಡಿಗೆ ನೆಲದ ಮೇಲೆ ಕುಪ್ಪಳಿಸುವ ಹದ್ದಿನಂತೆ ಕಂಡಿರಬೇಕು. ಹೆಸರಿಟ್ಟವನು ಒಳ್ಳೆಯ ಲೇಖಕ.

ನನ್ನ ರಿಪೋರ್ಟಿನಲ್ಲಿ ‘ಎಲ್4–ಎಲ್5 ಡಿಸ್ಕ್ ಬಲ್ಜ್’, ‘ಎಲ್5–ಎಸ್1 ಸವೆತ’ ಎಂದಿತ್ತು, ಅಂದರೆ ಸೊಂಟದ ಕೆಳಭಾಗದ ಒಂದು ಡಿಸ್ಕು ಉಬ್ಬಿದೆ, ಅದರ ಕೆಳಗಿನದು ಸವೆದಿದೆ. ಒಂದು ಕಡೆ ‘ಸ್ಪೈನ್’ ಎಂಬುದರ ಕೊನೆಯ ಅಕ್ಷರ ಬಿದ್ದುಹೋಗಿ ‘ಸ್ಪಿನ್’ ಆಗಿತ್ತು. ಅಭ್ಯಾಸ ನೋಡಿ, ಮೊದಲು ಅದನ್ನು ಕೆಂಪು ಪೆನ್ನಿನಲ್ಲಿ ತಿದ್ದಿ ಆಮೇಲೆ ಹೆದರಿದೆ. ಅಂತೂ ತಪ್ಪು ಸಿಕ್ಕಿತಲ್ಲ ಎಂಬ ಸಂತೋಷವೂ ಆಯಿತು. ಆರು ತಿಂಗಳಿಂದ ಕಣ್ಣಿಗೆ ಕಾಣದೆ ಓಡಾಡುತ್ತಿದ್ದ ಕಳ್ಳನಿಗೆ ಈಗ ಹೆಸರಿದೆ, ವಿಳಾಸವಿದೆ. ಎದುರುಮನೆಯಾಕೆಗೆ ರಿಪೋರ್ಟು ತೋರಿಸಿದೆ. ಕ್ಲಿಪ್ಪು ಎಂದಾಗ ನಕ್ಕಿದ್ದವರು ‘ಬಲ್ಜ್’ ಎಂದಾಗ ಒಂದು ಡಬ್ಬಿ ಚಕ್ಕುಲಿ ಕೊಟ್ಟುಕಳಿಸಿದರು.

ಆ ಸಂತೋಷಕ್ಕೆ ತೆತ್ತದ್ದು ಹೆಚ್ಚು. ರಿಪೋರ್ಟು ಬಂದ ದಿನದಿಂದ ನಾನು ಗಾಜಿನ ಹೆಂಗಸಾದೆ. ಬಗ್ಗಿದರೆ ಹೂರಣ ಆಚೆ ಬಂದೀತು ಎಂದು ರಂಗೋಲಿ ಬಿಟ್ಟೆ. ಕಸ ಗುಡಿಸುವುದು ಬಿಟ್ಟೆ. ಕೆಮ್ಮು ಬಂದರೆ ಗೋಡೆ ಹಿಡಿದುಕೊಂಡೆ. ಸೊಂಟಕ್ಕೆ ಅಗಲವಾದ ಬೆಲ್ಟು ಬಿಗಿದೆ. ಒಂದು ಕಡೆ ಕಾಲಿಗೆ ತೂಕ ಕಟ್ಟಿ ಎಳೆದರು, ಇನ್ನೊಂದು ಕಡೆ ಮೂರು ವಾರ ಮಲಗಿರಿ ಎಂದರು. ಮಲಗಿದೆ. ಮಲಗಿದಷ್ಟೂ ಮೈ ಮರದ ಹಲಗೆಯಾಯಿತು, ನೋವಿಗೆ ಬೇರೆ ಕೆಲಸವಿಲ್ಲದೆ ಇಡೀ ದಿನ ನನ್ನ ಜೊತೆಗೇ ಇರತೊಡಗಿತು. ಅಚ್ಚುಕೂಟದಿಂದ ಕರಡು ಬರುವುದು ನಿಂತಿತು.

ಈ ಗಾಜನ್ನು ಒಡೆದದ್ದು ನನ್ನ ಗಂಡನ ಮೂತ್ರಪಿಂಡದ ಕಲ್ಲು. ಅವರಿಗೆ ಕಲ್ಲು ಹುಡುಕಲು ಸಿ.ಟಿ. ಸ್ಕ್ಯಾನ್ ಮಾಡಿದಾಗ, ಕಲ್ಲಿನ ಜೊತೆಗೆ ಬೆನ್ನಿನ ಸುದ್ದಿಯನ್ನೂ ಬರೆದು ಕಳಿಸಿದ್ದರು. ಮೂರು ಕಡೆ ಸವೆತ, ಎರಡು ಕಡೆ ಬಲ್ಜ್. ನನಗಿಂತ ಒಂದು ಕೈ ಮೇಲು! ಈ ಮನುಷ್ಯ ಜನ್ಮದಲ್ಲಿ ಬೆನ್ನು ನೋವು ಎಂದದ್ದನ್ನು ಕೇಳಿಲ್ಲ. ಬರಿ ಚಾಪೆಯ ಮೇಲೆ ಗೊರಕೆ ಹೊಡೆಯುತ್ತಾರೆ. ಎರಡು ರಿಪೋರ್ಟುಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತೆ. ಒಂದೇ ಪಠ್ಯ, ಅವರದ್ದರಲ್ಲಿ ತಪ್ಪು ಜಾಸ್ತಿ. ಆದರೂ ಅವರ ವಾಕ್ಯ ಸರಾಗವಾಗಿ ಓದಿಸಿಕೊಂಡು ಹೋಗುತ್ತಿದೆ, ನನ್ನದು ಎಡವುತ್ತಿದೆ.

ಎರಡೂ ರಿಪೋರ್ಟುಗಳನ್ನು ಹೊತ್ತುಕೊಂಡು ಹೊಸ ಡಾಕ್ಟರೊಬ್ಬರ ಬಳಿ ಹೋದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಚಿತ್ರವನ್ನು ಪಕ್ಕಕ್ಕಿಟ್ಟು ಮೊದಲು ನನ್ನನ್ನು ಕೇಳಿದರು. ಜ್ವರ ಬರುತ್ತಾ? ಕಾರಣವಿಲ್ಲದೆ ತೂಕ ಇಳಿದಿದೆಯಾ? ಹಿಂದೆ ಕ್ಯಾನ್ಸರ್ ಏನಾದರೂ? ಬಿದ್ದಿದ್ದೀರಾ? ಪಾದ ಎತ್ತಲು ಶಕ್ತಿ ಸಾಲದಾ? ಕುಳಿತುಕೊಳ್ಳುವ ಜಾಗ ಮರಗಟ್ಟಿದೆಯಾ? ಮೂತ್ರ, ಮಲದ ಹಿಡಿತ ತಪ್ಪಿದೆಯಾ? ಮಲಗಿಸಿ, ಮಂಡಿ ಮಡಚದೆ ಒಂದೊಂದೇ ಕಾಲೆತ್ತಿ ನೋಡಿದರು. ಆಮೇಲೆ ನಕ್ಕು, “ಇದರಲ್ಲಿ ಒಂದಕ್ಕೆ ಹೌದು ಅಂದಿದ್ದರೂ ನಾನು ನಿಮ್ಮನ್ನ ಮನೆಗೆ ಕಳಿಸ್ತಿರಲಿಲ್ಲ ಅಮ್ಮಾ” ಎಂದರು.

ಈ ಪ್ರಶ್ನೆಗಳ ಬೆಲೆ ನನಗೆ ಗೊತ್ತಿತ್ತು. ನಮ್ಮ ಪರಿಚಯದ ಹುಡುಗನೊಬ್ಬನಿಗೆ ಇಪ್ಪತ್ತೈದರ ಹರೆಯದಲ್ಲೇ ಬೆನ್ನು ನೋವು. ಬೆಳಿಗ್ಗೆ ಎದ್ದರೆ ಒಂದು ಗಂಟೆ ಮೈ ಬಗ್ಗದು. ಓಡಾಡಿದರೆ ಕಮ್ಮಿ, ಮಲಗಿದರೆ ಜಾಸ್ತಿ, ನಡುರಾತ್ರಿ ಎಚ್ಚರ. ಎಲ್ಲರೂ ಕುರ್ಚಿ ಬದಲಾಯಿಸು ಎಂದರು. ಅವನು ಮೂರು ಕುರ್ಚಿ ಬದಲಾಯಿಸಿದ. ವರ್ಷಗಳ ಮೇಲೆ ಗೊತ್ತಾದದ್ದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಅಂದರೆ ಮೈಯ ರಕ್ಷಣಾ ವ್ಯವಸ್ಥೆಯೇ ಬೆನ್ನಿನ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ. ಅದಕ್ಕೆ ಔಷಧವಿದೆ, ಎಷ್ಟು ಬೇಗ ತಿಳಿದರೆ ಅಷ್ಟು ಒಳ್ಳೆಯದು. ಹಾಗೆಯೇ ಬೆನ್ನುಮೂಳೆಯ ಕ್ಷಯ. ಇಂಗ್ಲೆಂಡಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1779ರಲ್ಲಿ ಅದನ್ನು ವಿವರಿಸಿದ. ನಮ್ಮ ದೇಶದಲ್ಲಿ ಅದು ಇವತ್ತಿಗೂ ಹಳೆಯ ಕಥೆಯಾಗಿಲ್ಲ. ಇವೆಲ್ಲ ಅರ್ಥವನ್ನೇ ಕೆಡಿಸುವ ತಪ್ಪುಗಳು. ‘ವಿವಾಹ’ದಲ್ಲಿ ಒಂದು ಅಕ್ಷರ ಜಾರಿ ‘ವಿವಾದ’ವಾದ ಆಮಂತ್ರಣವನ್ನು ನಾನೇ ಹಿಡಿದಿದ್ದೇನೆ. ಅಂಥದ್ದನ್ನು ಬಿಟ್ಟರೆ ಮನೆ ಮುರಿಯುತ್ತದೆ.

“ಆದರೆ ನೂರರಲ್ಲಿ ಸುಮಾರು ತೊಂಬತ್ತು ಜನರ ಬೆನ್ನು ನೋವಿಗೆ ಇದೇ ಕಾರಣ ಅಂತ ಬೆರಳಿಟ್ಟು ತೋರಿಸೋಕ್ಕಾಗಲ್ಲ. ನೀವು ಆ ತೊಂಬತ್ತರಲ್ಲಿ ಒಬ್ಬರು” ಎಂದರು ಡಾಕ್ಟರು. ಹಾಗಾದರೆ ಈ ಬಲ್ಜ್? ಅವರು ಹೇಳಿದ ಕಥೆಯನ್ನು ಮನೆಗೆ ಬಂದು ನಾನೂ ಓದಿಕೊಂಡೆ. ಡಿಸ್ಕು ಆರೋಪಿಯ ಸ್ಥಾನದಲ್ಲಿ ಭದ್ರವಾಗಿ ಕೂತದ್ದು 1934ರಲ್ಲಿ. ಬೋಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಎಂಬ ಇಬ್ಬರು ಶಸ್ತ್ರವೈದ್ಯರು, ಸಯಾಟಿಕಾಕ್ಕೆ ಹರಿದ ಡಿಸ್ಕ್ ಕಾರಣವಾಗಬಲ್ಲದು ಎಂದು ತೋರಿಸಿಕೊಟ್ಟರು. ಅವರು ಹೇಳಿದ್ದು ನಿಜ. ಆದರೆ ಆಮೇಲೆ ಬೆನ್ನಿನ ಪ್ರತಿಯೊಂದು ನೋವಿಗೂ ಡಿಸ್ಕನ್ನೇ ಕಟಕಟೆಗೆ ಎಳೆಯುವುದು ರೂಢಿಯಾಯಿತು. ಎಮ್‌ಆರ್‌ಐ ಬಂದ ಮೇಲೆ, ನೋವೇ ಇಲ್ಲದ 98 ಮಂದಿಯ ಬೆನ್ನಿನ ಚಿತ್ರ ತೆಗೆದು 1994ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅವರಲ್ಲಿ ಎಲ್ಲ ಡಿಸ್ಕೂ ಸರಿಯಿದ್ದವರು ನೂರಕ್ಕೆ 36 ಮಂದಿ ಮಾತ್ರ. ಅರ್ಧಕ್ಕಿಂತ ಹೆಚ್ಚು ಜನಕ್ಕೆ ಎಲ್ಲೋ ಒಂದು ಕಡೆ ಬಲ್ಜ್ ಇತ್ತು. 2015ರಲ್ಲಿ ಇಂಥ ಹಲವು ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದರು. ನೋವಿಲ್ಲದ ಐವತ್ತರ ವಯಸ್ಸಿನವರಲ್ಲಿ ನೂರಕ್ಕೆ 80 ಮಂದಿಗೆ ಡಿಸ್ಕ್ ಸವೆದಿತ್ತು. “ನಿಮ್ಮ ತಲೆಗೂದಲು ನೆರೆತಿದೆಯಲ್ಲ, ಅದನ್ನ ಕಾಯಿಲೆ ಅಂತೀರಾ?” ಎಂದರು ಡಾಕ್ಟರು. ಅಷ್ಟೇ ಅಲ್ಲ, ಆಚೆ ಬಂದ ಹೂರಣವನ್ನೂ ಎಷ್ಟೋ ಸಲ ಮೈಯೇ ಕೆಲವು ತಿಂಗಳಲ್ಲಿ ಕರಗಿಸಿಕೊಳ್ಳುತ್ತದಂತೆ.

ಡಿಸ್ಕಿಗೆ ಜಾಮೀನು ಸಿಕ್ಕಿತು. ಮುಂದಿನ ಆರೋಪಿ ಕುರ್ಚಿ. 1960ರ ದಶಕದಲ್ಲಿ ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ ಎಂಬ ವೈದ್ಯ, ಜೀವಂತ ಮನುಷ್ಯರ ಡಿಸ್ಕಿನೊಳಗೇ ಸೂಜಿ ಇಳಿಸಿ ಒತ್ತಡ ಅಳೆದ. ಆಸರೆಯಿಲ್ಲದೆ ಕೂತಾಗ ನಿಂತದ್ದಕ್ಕಿಂತ ಒತ್ತಡ ಹೆಚ್ಚು ಎಂದು ಕಂಡಿತು. ಕುರ್ಚಿ ಅಪರಾಧಿ ಎಂದು ಲೋಕ ನಂಬಿತು. 1999ರಲ್ಲಿ ಜರ್ಮನಿಯವರು ಮತ್ತೆ ಅಳೆದರು. ಸಡಿಲವಾಗಿ ಕೂತಾಗಿನ ಒತ್ತಡ ನಿಂತಾಗಿನದಕ್ಕಿಂತ ಹೆಚ್ಚಿಲ್ಲ ಎಂದರು. ಕುರ್ಚಿಗೂ ಜಾಮೀನು! ಮಗ ಆನ್‌ಲೈನಿನಲ್ಲಿ ಹದಿನೆಂಟು ಸಾವಿರದ ಕುರ್ಚಿ ತರಿಸಿಕೊಟ್ಟ ಮಾರನೆಯ ವಾರ ನಾನು ಇದನ್ನು ಓದಿದ್ದು. ಈಗ ಅದರ ಮೇಲೆ ಇಸ್ತ್ರಿಯ ಬಟ್ಟೆ ಕೂರುತ್ತದೆ.

“ಡಿಸ್ಕಿಗೆ ದೊಡ್ಡವರಲ್ಲಿ ರಕ್ತನಾಳದ ಪೂರೈಕೆ ಇಲ್ಲ ಅಂತಲೇ ಹೇಳಬಹುದು” ಎಂದರು ಡಾಕ್ಟರು. “ನೀವು ಅಲುಗಾಡಿದಾಗ ಹಿಂಡಿದ ಸ್ಪಂಜಿನ ಹಾಗೆ ಹಳೆಯ ನೀರು ಬಿಡುತ್ತೆ, ಹೊಸದು ಹೀರುತ್ತೆ. ಅದಕ್ಕೆ ಊಟ ಅಂದರೆ ಓಡಾಟವೇ.” ಹಗಲೆಲ್ಲ ನೀರು ಬಿಟ್ಟು ರಾತ್ರಿ ಹೀರಿಕೊಳ್ಳುವುದರಿಂದ, ಬೆಳಿಗ್ಗೆ ನಾವು ರಾತ್ರಿಗಿಂತ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚೇ ಎತ್ತರ ಇರುತ್ತೇವಂತೆ. ಅಂದರೆ ಹೇಗೆ ಕೂತಿದ್ದೆ ಎಂಬುದಕ್ಕಿಂತ ಎಷ್ಟು ಹೊತ್ತು ಅಲ್ಲಾಡದೆ ಕೂತಿದ್ದೆ ಎಂಬುದು ಮುಖ್ಯ. ನಾನು ಕರಡಿನ ಮುಂದೆ ಕೂತರೆ ಮೂರು ಗಂಟೆ ಏಳುವವಳಲ್ಲ. ತಪ್ಪಿರುವ ಪುಟವನ್ನು ನಡುವೆ ಬಿಟ್ಟು ಎದ್ದರೆ ನನಗೆ ನೀರೂ ಗಂಟಲಲ್ಲಿ ಇಳಿಯದು.

ಕೊನೆಯಲ್ಲಿ ಅವರು ಕೇಳಿದ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. “ನೋವು ಶುರುವಾಗುವ ಮುಂಚಿನ ಒಂದು ವರ್ಷ ಮನೇಲಿ ಏನೇನಾಯ್ತು? ನಿದ್ದೆ ಹೇಗಿತ್ತು?”

ಆ ವರ್ಷ ಅತ್ತೆ ಹಾಸಿಗೆ ಹಿಡಿದಿದ್ದರು. ಹತ್ತು ತಿಂಗಳು. ದಿನಕ್ಕೆ ನಾಲ್ಕು ಸಲ ಅವರನ್ನು ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ ಎತ್ತಿ ಕೂರಿಸುತ್ತಿದ್ದೆ. ರಾತ್ರಿ ಎರಡು ಗಂಟೆಗೊಮ್ಮೆ ಏಳುತ್ತಿದ್ದೆ. ಆಗ ಬೆನ್ನು ಒಂದು ಮಾತೂ ಆಡಲಿಲ್ಲ. ಅತ್ತೆ ಹೋದರು, ವೈಕುಂಠ ಸಮಾರಾಧನೆ ಮುಗಿಯಿತು, ನೆಂಟರು ಹೊರಟರು. ಮೂರನೆಯ ವಾರ ಕ್ಲಿಪ್ಪು ಬಿತ್ತು. ಡಾಕ್ಟರಿಗೆ ಇದನ್ನು ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಅತ್ತೆಯೇ ಕಾರಣ ಎನ್ನಲಿಲ್ಲ, ನನಗೆ ಅದು ಹಿಡಿಸಿತು. ಭಾರ ಒಂದು, ನಿದ್ದೆಗೇಡು ಒಂದು, ಕೂತಲ್ಲೇ ಕೂರುವ ಚಟ ಒಂದು, ಆಮೇಲೆ ರಿಪೋರ್ಟು ತಂದ ಭಯ ಇನ್ನೊಂದು, ಎಲ್ಲ ಸೇರಿ ಎಂದರು. ಮೂರು ತಿಂಗಳು ಮೀರಿದ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಆ ಹೊತ್ತಿಗೆ ಎಷ್ಟೋ ಸಲ ಪೆಟ್ಟಾದ ಜಾಗ ಮಾಗಿರುತ್ತದೆ, ನರಗಳ ಎಚ್ಚರಿಕೆ ಮಾತ್ರ ಇಳಿದಿರುವುದಿಲ್ಲ. ಒಂದು ಸಲ ಕಳ್ಳನನ್ನು ಕಂಡ ನಾಯಿ ಆಮೇಲೆ ಪೇಪರ್ ಹುಡುಗನಿಗೂ ಬೊಗಳುತ್ತದೆ, ತೆಂಗಿನ ಗರಿ ಬಿದ್ದರೂ ಬೊಗಳುತ್ತದೆ. ಬೊಗಳುವುದು ಸುಳ್ಳಲ್ಲ, ಕಳ್ಳ ಇಲ್ಲ ಅಷ್ಟೆ. ನಿದ್ದೆಗೆಟ್ಟ ನಾಯಿ ಇನ್ನೂ ಹೆಚ್ಚು ಬೊಗಳುತ್ತದೆ. ಕಟಿಬಸ್ತಿಯ ಕಟ್ಟೆಯೊಳಗೆ ನನಗೆ ಸಿಕ್ಕಿದ್ದ ಮುಕ್ಕಾಲು ಗಂಟೆಯ ನಿದ್ದೆ ಏಕೆ ಅಷ್ಟು ಹಿತವಾಗಿತ್ತೆಂದು ಈಗ ತಿಳಿಯಿತು.

ಚಿಕಿತ್ಸೆ ಎಂದು ಬರೆದುಕೊಟ್ಟದ್ದು ನನಗೆ ಮೊದಲು ಅವಮಾನವಾಗುವಷ್ಟು ಸರಳವಾಗಿತ್ತು. ಬೆಲ್ಟು ಬಿಚ್ಚಿ. ಮಲಗಬೇಡಿ. ನಡೆಯಿರಿ. ದಿನಾ ಇಪ್ಪತ್ತು ನಿಮಿಷ ವ್ಯಾಯಾಮ. ಅರ್ಧ ಗಂಟೆಗೊಮ್ಮೆ ಎದ್ದೇಳಿ. ರಾತ್ರಿ ಒಂದೇ ಹೊತ್ತಿಗೆ ಮಲಗಿ. ನೋವು ಬಂದರೆ ಹೆದರಬೇಡಿ. ಏಳು ಸಾವಿರದ ಚಿತ್ರಕ್ಕೆ ಇಷ್ಟೇನಾ ಉತ್ತರ? ಆದರೆ ಇದು ಅವರೊಬ್ಬರ ಮಾತಲ್ಲ. ಹೊಸದಾಗಿ ಬೆನ್ನು ಹಿಡಿದುಕೊಂಡ ಹೆಲ್ಸಿಂಕಿ ನಗರಸಭೆಯ ನೌಕರರನ್ನು ಮೂರು ಗುಂಪು ಮಾಡಿ, ಒಂದು ಗುಂಪನ್ನು ಮಲಗಿಸಿ, ಇನ್ನೊಂದಕ್ಕೆ ವ್ಯಾಯಾಮ ಹೇಳಿ, ಮತ್ತೊಂದಕ್ಕೆ ಆದಷ್ಟು ಎಂದಿನ ಹಾಗೆ ಓಡಾಡಿಕೊಂಡಿರಿ ಎಂದಿದ್ದರಂತೆ. 1995ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎಲ್ಲರಿಗಿಂತ ಬೇಗ ಚೇತರಿಸಿಕೊಂಡವರು ಓಡಾಡಿಕೊಂಡಿದ್ದವರು. 2020ರಲ್ಲಿ ಜಗತ್ತಿನಲ್ಲಿ ಸೊಂಟ ನೋವಿನಿಂದ ನರಳುತ್ತಿದ್ದವರು 61 ಕೋಟಿ 90 ಲಕ್ಷ ಎಂದು ಲೆಕ್ಕ ಕೊಟ್ಟ ವಿಶ್ವ ಆರೋಗ್ಯ ಸಂಸ್ಥೆ, 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಸೊಂಟ ನೋವಿಗೆ ಮಾರ್ಗಸೂಚಿ ಹೊರಡಿಸಿತು. ವ್ಯಾಯಾಮ, ತಿಳಿವಳಿಕೆ, ಮನಸ್ಸಿನ ಆರೈಕೆ ಇವನ್ನು ಅದು ಹೌದು ಎಂದಿದೆ. ಬೆಲ್ಟು, ಎಳೆತ, ಅಫೀಮು ಜಾತಿಯ ನೋವುನಿವಾರಕ ಇವನ್ನು ವಾಡಿಕೆಯಾಗಿ ಕೊಡಬೇಡಿ ಎಂದಿದೆ. ನನ್ನ ಬೆಲ್ಟು ಈಗ ಹಳೆಯ ಕರಡುಗಳ ಕಟ್ಟಿಗೆ ಬಿಗಿದಿದೆ, ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿದೆ.

ಮೊದಲ ದಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದದ್ದು ಐದು ನಿಮಿಷ. ಎಪ್ಪತ್ತೈದರ ಯಜಮಾನರೊಬ್ಬರು ಮಂಕಿ ಕ್ಯಾಪ್ ಹಾಕಿಕೊಂಡು ನನ್ನನ್ನು ಹಿಂದೆ ಹಾಕಿ ಹೋದರು. ಒಂದು ಸುತ್ತು ಮುಗಿಸಿ ಮತ್ತೆ ಹಿಂದೆ ಹಾಕಿದರು. ನಾಯಿ ಬೊಗಳಿತು. ಬೊಗಳಲಿ ಎಂದು ಮಾರನೆಯ ದಿನ ಆರು ನಿಮಿಷ ನಡೆದೆ. ನಮ್ಮೂರು ಯೋಗದ ಊರು ಎಂದು ಪ್ರಪಂಚವೇ ಬರುತ್ತದೆ. 1930ರ ದಶಕದಲ್ಲಿ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದ್ದು ಇಲ್ಲೇ. ಕೋಲಾರ ಸೀಮೆಯ ಬೆಳ್ಳೂರಿನ ರೋಗಿಷ್ಠ ಹುಡುಗನಾಗಿದ್ದ ಬಿ.ಕೆ.ಎಸ್. ಅಯ್ಯಂಗಾರ್ ಕೃಷ್ಣಮಾಚಾರ್ಯರಲ್ಲಿ ಕಲಿತದ್ದೂ ಇಲ್ಲೇ. ಐವತ್ತು ವರ್ಷ ಆ ಅರಮನೆಯ ಮುಂದೆ ತರಕಾರಿ ಚೀಲ ಹಿಡಿದು ಓಡಾಡಿದ ನನಗೆ, ಮಾರ್ಜಾಲಾಸನ ಮಾಡಲು ಬೆನ್ನು ಹಿಡಿದುಕೊಳ್ಳಬೇಕಾಯಿತು. ಅಂಗೈ, ಮಂಡಿ ಊರಿ ಬೆನ್ನನ್ನು ಬೆಕ್ಕಿನಂತೆ ಮೇಲೆ ಕೆಳಗೆ ಮಾಡುವುದು, ಅಂಗಾತ ಮಲಗಿ ಸೊಂಟ ಎತ್ತುವ ಸೇತುಬಂಧ, ಇವೇ ನನ್ನ ಪಾಠ. ನಮ್ಮನೆಯ ಬೆಕ್ಕು ಎದುರಿಗೆ ಕೂತು ನೋಡುತ್ತಿತ್ತು. ಅದರ ಮುಖದಲ್ಲಿ ಕರಡು ತಿದ್ದುವವರ ಕಳೆ.

ವಾಸಿಯಾದದ್ದು ಯಾವ ದಿನ ಎಂದು ಹೇಳಲಾರೆ. ನೋವು ಬಂದ ದಿನಕ್ಕೆ ತಾರೀಖಿದೆ, ಹೋದದ್ದಕ್ಕೆ ಇಲ್ಲ. ಪೂರ್ತಿ ಹೋಗಿಯೂ ಇಲ್ಲ. ಮಳೆಗಾಲದಲ್ಲೋ, ಎರಡು ರಾತ್ರಿ ನಿದ್ದೆಗೆಟ್ಟರೋ ಮತ್ತೆ ಬಂದು ಬಾಗಿಲು ತಟ್ಟುತ್ತದೆ. ಆದರೆ ಕಳೆದ ವರ್ಷ ಧನುರ್ಮಾಸದ ಒಂದು ಬೆಳಿಗ್ಗೆ, ರಂಗೋಲಿಯ ಕೊನೆಯ ಎಳೆ ಸೇರಿಸಿ ತಲೆಯೆತ್ತಿದಾಗ ನಾನು ಬಗ್ಗಿ ಕೂತು ಹದಿನೈದು ಚುಕ್ಕಿಯ ರಂಗೋಲಿ ಹಾಕಿದ್ದೇನೆ ಎಂಬುದು ಹೊಳೆಯಿತು. ಬಗ್ಗುವ ಮುಂಚೆ ಹೆದರಲು ಮರೆತಿದ್ದೆ.

ಹಳೆಯ ಪುಸ್ತಕಗಳ ಕೊನೆಯಲ್ಲಿ ‘ತಪ್ಪು–ಒಪ್ಪು’ ಎಂಬ ಪಟ್ಟಿ ಇರುತ್ತಿತ್ತು. ಪುಟ, ಸಾಲು, ತಪ್ಪು, ಒಪ್ಪು. ಅದನ್ನು ನೋಡಿಕೊಂಡು ಪುಸ್ತಕ ಓದಿದ ಒಬ್ಬನೇ ಒಬ್ಬ ಓದುಗನನ್ನು ನಾನು ಕಂಡಿಲ್ಲ. ಜನ ತಪ್ಪುಗಳ ಮೇಲೆಯೇ ನಡೆದು ಅರ್ಥ ಮುಟ್ಟುತ್ತಿದ್ದರು. ಅರ್ಥ ಕೆಡಿಸುವ ತಪ್ಪು ಯಾವುದು, ಬರೀ ಕಣ್ಣಿಗೆ ಚುಚ್ಚುವ ತಪ್ಪು ಯಾವುದು ಎಂದು ಬೇರ್ಪಡಿಸಲು ಇಪ್ಪತ್ತೆಂಟು ವರ್ಷದ ಕೆಂಪು ಶಾಯಿ ನನಗೆ ಕಲಿಸಿರಲಿಲ್ಲ. ಸಿಕ್ಕಿದ್ದನ್ನೆಲ್ಲ ತಿದ್ದುವುದೇ ನಿಷ್ಠೆ ಎಂದುಕೊಂಡಿದ್ದೆ.

ಈಗ ನನ್ನ ಮೇಜಿನ ಮೇಲೆ ಅಡುಗೆಮನೆಯ ಟೈಮರ್ ಇದೆ. ನಿನ್ನೆ ಒಂದು ಕಾದಂಬರಿಯ ಕರಡು ನೋಡುತ್ತಿದ್ದೆ. ನೂರಾ ಹನ್ನೆರಡನೆಯ ಪುಟದಲ್ಲಿ ನಾಯಕಿ ‘ನಿಟ್ಟುಸಿರು’ ಬಿಡಬೇಕಾದಲ್ಲಿ ‘ನಿಟ್ಟುಸುರು’ ಬಿಟ್ಟಿದ್ದಳು. ಪೆನ್ನು ಅದರ ಮೇಲೆ ಇಟ್ಟೆ, ಟೈಮರ್ ಕೂಗಿತು. ಇನ್ನೊಂದು ಗೀಟು, ಅಷ್ಟೇ ಬಾಕಿ. ಕೈ ಒಂದು ಕ್ಷಣ ನಡುಗಿತು. ಪೆನ್ನಿನ ಮುಚ್ಚಳ ಹಾಕಿ, ಆಕೆಯ ಉಸಿರನ್ನು ಅಲ್ಲೇ ತಪ್ಪಾಗಿ ಬಿಟ್ಟು, ಎದ್ದು ತಾರಸಿಗೆ ಹೋದೆ. ಬಟ್ಟೆ ಒಣಗಿತ್ತು.